ಅಂಗಾಲು

ಬೆಳ್ಳಿಯ ಹರಿವಾಣದಲ್ಲಿ ಗುರುಗಳ ಪಾದಗಳೆರಡೂ ಪಕ್ಕಪಕ್ಕದಲ್ಲಿದ್ದವು. ವರದಾ ತಂಬಿಗೆಯಿಂದ ಸಣ್ಣಗೆ ನೀರು ಬಿಡುತ್ತಿದ್ದಳು. ತೊಳೆಯುವುದು ಅವಳ ಗಂಡ ಶ್ರೀಕರನ ಪಾಲು. ಹೆಂಗಸರು ಸನ್ಯಾಸಿಯನ್ನು ಮುಟ್ಟುವಂತಿಲ್ಲವಲ್ಲ. ಮೇಲಿನಿಂದ ಒಮ್ಮೆ ಕೈಯಾಡಿಸಿದರೆ ಸಾಕು, ಹಿಂದೆ ಇನ್ನೂ ದಂಪತಿಗಳು ಕಾದಿದ್ದಾರೆ ಎಂದು ಪುರೋಹಿತರು ಮೊದಲೇ ಕಿವಿಯಲ್ಲಿ ಹೇಳಿದ್ದರು. ಅವನೂ ಹಾಗೆಯೇ ಮಾಡುವವನಿದ್ದ. ಆದರೆ ಹೊಸನಗರದ ಪಶು ಆಸ್ಪತ್ರೆಯಲ್ಲಿ ಅರ್ಧ ಆಯುಷ್ಯ ಕಳೆದವನ ಕೈ ಅದು. ಎದುರಿಗೆ ಕಾಲೊಂದು ಬಂದರೆ ಯಾರನ್ನೂ ಕೇಳದೆ ಅಡಿಗೆ ಹೋಗುತ್ತದೆ, ಗೊರಸು ಎತ್ತಿ ನೋಡುತ್ತದೆ. ಎಡಪಾದದ ಅಡಿಗೆ ಬೆರಳುಗಳು ತಾವಾಗಿಯೇ ಜಾರಿದವು. ಚರ್ಮ ಇರಬೇಕಾದಲ್ಲಿ ಚರ್ಮವಿರಲಿಲ್ಲ. ತೋರುಬೆರಳಿನ ತುದಿ ಮೆತ್ತಗೆ ಒಳಗೆ ಇಳಿಯಿತು. ಗಂಧ, ತುಳಸಿ, ಪಚ್ಚಕರ್ಪೂರ ಎಲ್ಲದರ ಕೆಳಗಿನಿಂದ ಅವನಿಗೆ ಚೆನ್ನಾಗಿ ಗೊತ್ತಿರುವ ವಾಸನೆಯೊಂದು ಮೇಲೆ ಬಂತು. ಮಳೆಗಾಲದಲ್ಲಿ ಕೆಸರಿನ ಕೊಟ್ಟಿಗೆಗೆ ಹೊಕ್ಕ ಕೂಡಲೇ, ಇನ್ನೂ ದನವನ್ನು ನೋಡುವ ಮೊದಲೇ, ಯಜಮಾನನಿಗೆ ತಡವಾಯಿತು ಮಾರಾಯ ಎಂದು ಹೇಳಿಸುವ ವಾಸನೆ.

ಶ್ರೀಕರ ತಲೆಯೆತ್ತಿ ಗುರುಗಳ ಮುಖ ನೋಡಿದ. ಅವರು ಸಭೆಯ ಕೊನೆಯ ಸಾಲಿನಲ್ಲಿ ಅಳುತ್ತಿದ್ದ ಮಗುವೊಂದನ್ನು ನೋಡಿ ನಗುತ್ತಿದ್ದರು. ಆಗ ಅವನು ಮಾಡಿದ್ದನ್ನು ನೆನೆದರೆ ಮಧ್ಯಾಹ್ನದವರೆಗೂ ಅವನ ಮೈ ಬಿಸಿಯಾಗುತ್ತಿತ್ತು. ಪುರೋಹಿತರು ಪಾದಯೋಃ ಪಾದ್ಯಂ ಸಮರ್ಪಯಾಮಿ ಎನ್ನುತ್ತಿದ್ದಂತೆಯೇ ಅವನು ಹೆಬ್ಬೆರಳ ಉಗುರನ್ನು ಗುರುಗಳ ಅಂಗಾಲಿಗೆ ಊರಿದ. ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ. ಜನ್ಮವಿಡೀ ಜನ ಹಣೆ ಮುಟ್ಟಿಸುವ ಪಾದಕ್ಕೆ ಉಗುರು ಊರಿದವನು ಈ ಮಠದ ಚರಿತ್ರೆಯಲ್ಲಿ ತಾನೊಬ್ಬನೇ ಇರಬೇಕು. ಗುರುಗಳು ಇನ್ನೂ ಮಗುವನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಕಿರುಬೆರಳಿನ ಮೇಲಿದ್ದ ಗಂಧದ ಪದರವನ್ನು ಅವನು ನೀರಿನ ನೆಪದಲ್ಲಿ ಸರಿಸಿದ. ಬೆರಳು ಕಪ್ಪಾಗಿತ್ತು. ಗುರುಗಳು ಈಗ ಕೆಳಗೆ ನೋಡಿ, ಮೈಕಿಗೆ ಸಿಕ್ಕದಷ್ಟು ಮೆಲುದನಿಯಲ್ಲಿ, ‘ಅದು ಮರದ ಹಾವುಗೆ ಉಜ್ಜಿದ್ದು. ನಮಗೆ ನೋವಿಲ್ಲ. ಹುಣ್ಣಿಮೆ ಕಳೆಯಲಿ, ಸೀಮೋಲ್ಲಂಘನವಾಗಲಿ, ಆಮೇಲೆ ತೋರಿಸಿದರಾಯಿತು. ನೀವು ಯಾರಿಗೂ ಹೇಳಿ ಗಾಬರಿ ಮಾಡಬೇಡಿ’ ಎಂದರು. ಹುಣ್ಣಿಮೆ ಎಂದರೆ ಭಾದ್ರಪದದ ಹುಣ್ಣಿಮೆ. ನಾಗರಪಂಚಮಿ ಮೊನ್ನೆಯಷ್ಟೇ ಕಳೆದಿತ್ತು. ಚಾತುರ್ಮಾಸ್ಯಕ್ಕೆ ಕೂತ ಸನ್ಯಾಸಿ ಅಲ್ಲಿಯವರೆಗೆ ಊರ ಗಡಿಯ ಹೊಳೆ ದಾಟುವಂತಿಲ್ಲ. ಈ ಹೊಳೆಬಾಗಿಲು ಮಠದ ಎದುರಿಗೇ ಹೊಳೆ, ಆಸ್ಪತ್ರೆಗಳೆಲ್ಲ ಅದರ ಆಚೆ ದಡದಲ್ಲಿ. ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿದರೆ ಕಾಲನ್ನಾದರೂ ಅಥವಾ ಕಾಲು ಕೊಟ್ಟು ಜೀವವನ್ನಾದರೂ ಉಳಿಸುವವರು ಇದ್ದಾರೆ. ಅದು ಇವತ್ತಿನ ಮಾತು. ಹುಣ್ಣಿಮೆಯ ಹೊತ್ತಿಗೆ ಅಲ್ಲ.

ಪೂಜೆ ಮುಗಿದು ಹರಿವಾಣದ ನೀರೇ ತೀರ್ಥವಾಯಿತು. ಮೊದಲು ಪೂಜೆ ಮಾಡಿದವರಿಗೆ. ಪುರೋಹಿತರು ಸೌಟಿನಲ್ಲಿ ಎತ್ತಿ ವರದಾಳ ಅಂಗೈಗೆ ಹಾಕಿದರು, ಅವಳು ಕಣ್ಣುಮುಚ್ಚಿ ಕುಡಿದು ಉಳಿದ ಪಸೆಯನ್ನು ತಲೆಗೆ ಸವರಿಕೊಂಡಳು. ಶ್ರೀಕರನ ಅಂಗೈಯಲ್ಲಿ ತೀರ್ಥ ನಿಂತಿತ್ತು. ಅದರೊಳಗೆ ತುಳಸಿಯ ಎಸಳು, ಒಂದಿಷ್ಟು ಗಂಧದ ಬಿಳಿ, ಇನ್ನೂ ಏನೋ ನೂಲಿನಂಥದ್ದು. ಕೈ ಬಾಯಿಯವರೆಗೆ ಬಂದು ನಿಂತಿತು. ನುಂಗಲೂ ಆಗದು, ಚೆಲ್ಲಲೂ ಆಗದು. ಎಷ್ಟು ಹೊತ್ತು ಹಾಗಿತ್ತೋ, ಪುರೋಹಿತರು ಹ್ಞೂಂ ಎಂದು ಎಚ್ಚರಿಸಿದರು. ಅವನು ಕುಡಿದ. ಕುಡಿಯುವಾಗ ಉಸಿರು ಬಿಗಿಹಿಡಿದಿದ್ದು ತನಗೆ ಮಾತ್ರ ಗೊತ್ತು ಎಂದುಕೊಂಡು ಏಳುವಷ್ಟರಲ್ಲಿ ಗುರುಗಳು ತನ್ನನ್ನೇ ನೋಡುತ್ತಿರುವುದು ಕಂಡಿತು. ಅದು ಸಿಟ್ಟಿನ ನೋಟವಾಗಿದ್ದರೆ ಒಳ್ಳೆಯದಿತ್ತು. ಮನೆಗೆ ಬಂದ ನೆಂಟ ಊಟದ ಎಲೆಯಿಂದ ಅರ್ಧಕ್ಕೆ ಎದ್ದರೆ ಬಡಿಸುವವರು ನೋಡುತ್ತಾರಲ್ಲ, ಅಂಥದ್ದು. ಹಿಂದೆ ಸಾಲಿನಲ್ಲಿ ಮುದುಕರು, ಬಸುರಿಯರು, ಕಂಕುಳಲ್ಲಿ ಕೂಸು ಎತ್ತಿಕೊಂಡವರು ಅಂಗೈ ಚಾಚಿ ನಿಂತಿದ್ದರು. ಒಬ್ಬಳು ತಾಯಿ ತನ್ನ ತೀರ್ಥದಲ್ಲಿ ಬೆರಳದ್ದಿ ಮಗುವಿನ ನಾಲಿಗೆಗೆ ಮುಟ್ಟಿಸಿದಳು. ಕುಡಿಯಬೇಡಿ ಎಂಬ ಮಾತು ಅವನ ಗಂಟಲಿನವರೆಗೆ ಬಂದು, ಪಂಚೆಯುಟ್ಟು ಬರಿಮೈಯಲ್ಲಿ ನಿಂತಿದ್ದ ಅವನಿಗೆ ಇದ್ದಕ್ಕಿದ್ದಂತೆ ನಾಚಿಕೆಯಾಗಿ, ಒಳಗೇ ಉಳಿಯಿತು.

ಕೈಕಾಲು ತೊಳೆಯುವ ನಲ್ಲಿಯ ಹತ್ತಿರ ವರದಾ ಅವನನ್ನು ಹಿಡಿದು ನಿಲ್ಲಿಸಿದಳು.

‘ಎಂತ ಆತು ನಿಮಗೆ? ತೀರ್ಥ ಹಿಡ್ಕಂಡು ಕಲ್ಲಿನ ಹಂಗೆ ಕುಂತಿದ್ರಲೀ. ಎಲ್ಲರೂ ನೋಡ್ತಾ ಇದ್ದಿದ್ದೊ.’

‘ನಿಂಗೆ ವಾಸನೆ ಬಂಜಿಲ್ಯಾ?’

‘ಗಂಧದ್ದು ಬಂತು. ಮತ್ತೆಂತದು ಬರವು?’

ಅವನು ಹೇಳಿದ. ಯಾರಿಗೂ ಹೇಳಬೇಡಿ ಎಂಬ ಮಾತನ್ನು ಮೊದಲು ಮುರಿದದ್ದು ಹೆಂಡತಿಯ ಹತ್ತಿರ. ಬೆರಳು ಸತ್ತಿದೆ, ಅಡಿಯಲ್ಲಿ ಕೊಳೆತಿದೆ, ವಿಷ ಮೇಲೆ ಏರುತ್ತದೆ, ಇಲ್ಲೇ ಕೂತರೆ ಸೀಮೋಲ್ಲಂಘನಕ್ಕೆ ಗುರುಗಳು ಇರುವುದಿಲ್ಲ ಎಂದ. ವರದಾಳ ಮುಖ ಬಿಳಿಚಿಕೊಂಡಿತು. ಆದರೆ ಅದು ಗುರುಗಳಿಗಾಗಿ ಅಲ್ಲ. ಅವಳ ಬಲಗೈ ತನಗರಿವಿಲ್ಲದೆ ಹೊಟ್ಟೆಯ ಮೇಲೆ ಹೋಯಿತು. ಮಗಳು ಮೇಧಾ ಎರಡು ಬಾರಿ ಕಳೆದುಕೊಂಡು ಈಗ ಮತ್ತೆ ಬಸುರಿಯಾಗಿ ಸಾಗರದ ಅಜ್ಜನಮನೆಯಲ್ಲಿ ಹಾಸಿಗೆ ಬಿಟ್ಟು ಏಳದೆ ಮಲಗಿದ್ದಾಳೆ. ಈ ಪಾದಪೂಜೆ ಅವಳಿಗಾಗಿ ಹೇಳಿಕೊಂಡದ್ದು.

‘ಗುರುಪಾದದಲ್ಲಿ ಹುಳುಕು ಹುಡುಕಲೆ ಬಂದಿದ್ರಾ ನೀವು?’ ಎಂದಳು ನಡುಗುವ ದನಿಯಲ್ಲಿ. ‘ಹರ ಮುನಿದ್ರೂ ಗುರು ಕಾಯ್ತ ಹೇಳ್ತೊ. ಗುರುನೇ ಮುನಿದ್ರೆ ಕೂಸಿನ ಗತಿ ಎಂತ? ಅವರೇ ಬ್ಯಾಡ ಹೇಳಿದ ಮೇಲೆ ಸುಮ್ನಿರಿ. ನಿಮ್ಮ ಕಾಲಿಗೆ ಬೀಳ್ತಿ.’

ಅವಳು ನಿಜಕ್ಕೂ ಬಗ್ಗಿದಳು. ಅವನು ಹಿಂದೆ ಸರಿದ. ಇವತ್ತು ಯಾರ ಕಾಲು ಯಾರು ಹಿಡಿಯಬೇಕು ಎಂಬುದೇ ತಿಳಿಯದಂತಾಯಿತು.

ಗುರುಗಳಿಗೆ ದೇಹದ ಪರಿವೆಯೇ ಇಲ್ಲ ಎನ್ನುವುದು ಸೀಮೆಗೆಲ್ಲ ಗೊತ್ತಿರುವ ಮಾತು. ಹೋದ ವರ್ಷ ಹೋಮದ ಕೆಂಡವೊಂದು ಸಿಡಿದು ಪಾದದ ಮೇಲೆ ಬಿದ್ದಿತ್ತಂತೆ, ಬಟ್ಟೆ ಸುಟ್ಟ ನಾತ ಬಂದು ಬೇರೆಯವರು ಓಡಿಬರುವವರೆಗೆ ಗುರುಗಳು ಮಂತ್ರ ನಿಲ್ಲಿಸಲಿಲ್ಲವಂತೆ. ಈ ಕತೆಯನ್ನು ಶ್ರೀಕರನೂ ಎಷ್ಟೋ ಕಡೆ ಹೇಳಿದ್ದಾನೆ, ಹೇಳುವಾಗ ಅವನ ಕಣ್ಣಲ್ಲೂ ನೀರಾಡಿದೆ. ಈಗ ಊಟದ ಚಪ್ಪರದ ಕಂಬಕ್ಕೆ ಒರಗಿ ನಿಂತು ಅದನ್ನೇ ಮತ್ತೆ ನೆನೆದರೆ ಮಹಿಮೆಯೆಲ್ಲ ಒಂದೊಂದಾಗಿ ರೋಗದ ಲಕ್ಷಣವಾಗುತ್ತಿತ್ತು. ರಾತ್ರಿಯಿಡೀ ನೀರು ಕುಡಿಯುತ್ತಾರೆ, ಉಪವಾಸದಿಂದ ಕೃಶರಾಗಿದ್ದಾರೆ, ಮುಳ್ಳು ಹೊಕ್ಕರೂ ತಿಳಿಯುವುದಿಲ್ಲ. ತಾನು ವೈದ್ಯನಾಗಿ ನೋಡುತ್ತಿದ್ದೇನೋ, ನಂಬಿಕೆಗೆಟ್ಟವನಾಗಿ ನೋಡುತ್ತಿದ್ದೇನೋ? ಎರಡೂ ಒಂದೇ ಕಣ್ಣಾಗಿದ್ದರೆ ಆ ಕಣ್ಣನ್ನು ಕಿತ್ತು ಎಲ್ಲಿಡಲಿ? ಮುಟ್ಟದಿದ್ದರೆ ಚೆನ್ನಾಗಿತ್ತು. ಎಲ್ಲರಂತೆ ಮೇಲಿನಿಂದ ಕೈಯಾಡಿಸಿ ಎದ್ದುಬಂದಿದ್ದರೆ ಈಗ ಪಾಯಸಕ್ಕೆ ದ್ರಾಕ್ಷಿ ಬಿದ್ದಿದೆಯೋ ಇಲ್ಲವೋ ಎಂದು ನೋಡುತ್ತ ಕೂರಬಹುದಿತ್ತು.

ಮಠದ ಪಾರುಪತ್ಯಗಾರ ಗಣೇಶಮೂರ್ತಿ ಬಡಿಸುವವರ ನಡುವೆ ಓಡಾಡುತ್ತಿದ್ದ. ಶಾಲೆಯಲ್ಲಿ ಶ್ರೀಕರನಿಗಿಂತ ಎರಡು ಕ್ಲಾಸು ಹಿಂದಿದ್ದವನು. ಈಗ ಕೊರಳಲ್ಲಿ ಗುರುಗಳು ಹೊದೆಸಿದ ಕೆಂಪು ಶಾಲು. ಅವನನ್ನು ಉಗ್ರಾಣದ ಮೂಲೆಗೆ ಕರೆದು ಶ್ರೀಕರ ಎರಡನೆಯ ಸಲ ಗುರುವಿನ ಮಾತು ಮುರಿದ. ಗಣೇಶಮೂರ್ತಿ ಪೂರ್ತಿ ಕೇಳುವ ಮೊದಲೇ ನಕ್ಕ.

‘ಗೊತ್ತಿದ್ದು ಮಾರಾಯ್ರೇ. ಹಾವುಗೆ ತಾಗಿದ್ದು. ದಿನಾ ಎಣ್ಣೆ ಹಚ್ತ್ಯ. ಗುರುಗಳಿಗೇ ನೋವು ಇಲ್ಲೆ, ನಿಮಗೆ ಎಂತಕೆ?’

‘ನೋವು ಇಲ್ಲೆ ಅಂಬುದೇ ಹೆದರಿಕೆ. ನರ ಸತ್ತೋಯ್ದು. ಸಕ್ಕರೆ ಎಷ್ಟಿದ್ದು ಹೇಳಿ ಯಾವತ್ತಾದ್ರೂ ನೋಡ್ಸಿದ್ಯಾ?’

‘ಚಾತುರ್ಮಾಸ್ಯದಲ್ಲಿ ಗುರುಗಳ ಮೈಗೆ ಸೂಜಿ ಚುಚ್ಚವಾ? ಎಂತ ಮಾತಾಡ್ತ್ರಿ ಡಾಕ್ಟ್ರೇ.’

‘ಆಪತ್ತಿನಲ್ಲಿ ಹೊಳೆ ದಾಟಲೆ ಅಡ್ಡಿಲ್ಲೆ ಹೇಳಿ ಶಾಸ್ತ್ರದಲ್ಲೇ ಇದ್ದು. ಆಪದ್ಧರ್ಮ ಹೇಳಿ.’

‘ಆಪತ್ತು ಹೌದೋ ಅಲ್ದೋ ಹೇಳವು ಗುರುಗಳು. ನೀವೂ ಅಲ್ಲ, ನಾನೂ ಅಲ್ಲ. ಗುರುವಿಗೇ ತಿರುಮಂತ್ರ ಹೇಳಲೆ ಹೊಂಟ್ರಲೀ.’ ಗಣೇಶಮೂರ್ತಿ ಅವನ ಭುಜದ ಮೇಲೆ ಕೈಯಿಟ್ಟ. ‘ಅಷ್ಟಕ್ಕೂ ನೀವು ದನದ ಡಾಕ್ಟ್ರು. ಕೊಟ್ಟಿಗೆಲಿ ನೋಡಿದ್ದೆಲ್ಲ ಪೀಠದಲ್ಲಿ ನೋಡಿದ್ರೆ ಹೆಂಗೆ?’

ಹತ್ತಿರ ತೆಂಗಿನಕಾಯಿ ಸುಲಿಯುತ್ತಿದ್ದ ಇಬ್ಬರು ನಕ್ಕರು. ಶ್ರೀಕರನೂ ನಕ್ಕುಬಿಟ್ಟ. ಅವಮಾನವಾದಾಗ ಜೊತೆಗೆ ತಾನೂ ನಗುವ ಚಾಳಿ ಅವನಿಗೆ ಚಿಕ್ಕಂದಿನಿಂದ ಇತ್ತು, ಅದಕ್ಕಾಗಿ ತನ್ನ ಮೇಲೆ ತನಗೇ ಹೇಸಿಗೆ.

ಪಂಕ್ತಿಯಲ್ಲಿ ಕೂತ. ಎಲೆಗೆ ಅನ್ನ ಬಿತ್ತು, ತೊವ್ವೆ ಬಿತ್ತು. ತೋರುಬೆರಳನ್ನು ಮಡಚಿಟ್ಟು ಉಳಿದ ಬೆರಳುಗಳಲ್ಲಿ ಕಲಸತೊಡಗಿದ. ಎಷ್ಟು ಉಜ್ಜಿ ತೊಳೆದರೂ ಆ ಬೆರಳ ತುದಿಯಲ್ಲಿ ಮೆತ್ತಗಿನದು ಹಾಗೆಯೇ ಇತ್ತು. ಎದುರು ಸಾಲಿನ ಮುದುಕರೊಬ್ಬರು ಇವತ್ತು ಪಾದಪೂಜೆ ನಿಮ್ಮದಲ್ಲವಾ, ಪುಣ್ಯವಂತರು ಎಂದರು. ಕೆಲವು ವರ್ಷಗಳ ಹಿಂದೆ ಮಠದ ಗೋಶಾಲೆಯಲ್ಲಿ ಒಂದು ಕೌಲು ಬಣ್ಣದ ಹಸುವಿತ್ತು. ಹಿಂಗಾಲಿನ ಗೊರಸು ಕೊಳೆತು ನಿಲ್ಲಲಾರದೆ ಬಿದ್ದಿತ್ತು. ಗುರುಗಳು ಕಾವಿಯ ತುದಿಯನ್ನು ಎತ್ತಿಕಟ್ಟಿ ಸಗಣಿಯಲ್ಲೇ ಕುಕ್ಕರುಗಾಲಲ್ಲಿ ಕೂತು ಅದರ ಕೊರಳು ಸವರುತ್ತಿದ್ದರು. ಶ್ರೀಕರ ಸತ್ತ ಭಾಗವನ್ನು ಕೊಯ್ದು ತೆಗೆಯುವಾಗ ಮುಖ ತಿರುಗಿಸದೆ ನೋಡಿದರು. ಮುಗಿದ ಮೇಲೆ, ಇದಕ್ಕೆ ಬಾಯಿಲ್ಲ, ನೀವೇ ಅದರ ಬಾಯಿ, ಹೆದರದೆ ಹೇಳುತ್ತಿರಬೇಕು ಎಂದಿದ್ದರು. ಆವತ್ತು ಅವನು ಅವರನ್ನು ಗುರುವೆಂದು ಒಪ್ಪಿಕೊಂಡದ್ದು. ಅಪ್ಪ ಒಪ್ಪಿದ್ದ ಗುರು, ಅಜ್ಜ ಒಪ್ಪಿದ್ದ ಪೀಠ ಎಂದಲ್ಲ. ಸಗಣಿಯಲ್ಲಿ ಕೂತ ಆ ಮನುಷ್ಯನನ್ನು ಅವನು ತುಂಬ ಪ್ರೀತಿಸುತ್ತಿದ್ದ. ಅವರು ಸತ್ತುಹೋಗುತ್ತಾರೆ ಎಂದು ಈಗ ಮೊದಲ ಬಾರಿಗೆ ನೇರವಾಗಿ ಅನ್ನಿಸಿ, ಕಲಸಿದ ಅನ್ನವನ್ನು ಎಲೆಯ ಅಂಚಿಗೆ ಸರಿಸಿದ.

ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ಅಲುಗಿತು. ಎಲೆ ಬಿಟ್ಟು ಏಳುವ ನೆಪ ಸಿಕ್ಕಿದ್ದಕ್ಕೆ ಅವನು ಕೃತಜ್ಞನಾದ.

‘ಡಾಕ್ಟ್ರೇ, ನಾನು ಕವಲೇದುರ್ಗದ ಭೂತಪ್ಪ. ಎಮ್ಮೆ ಹಿಂಗಾಲು ಊರ್ತಿಲ್ಲ. ಗೊರಸಿನ ಸಂದೀಲಿ ನಾತ ಹೊಡೀತದೆ.’

‘ಯಾವಾಗಿಂದ?’

‘ನಿನ್ನೆ ಕಂಡಿದ್ದು. ಮುಂಚೆ ಇತ್ತೋ ಏನೋ, ಕೆಸರಲ್ಲಿ ನಾವೆಲ್ಲಿ ನೋಡ್ತೀವಿ. ನೀವೊಂದ್ಸಲ ಬಂದ್ರೆ ಒಳ್ಳೇದಿತ್ತು. ಕೊಯ್ಯೋದಿದ್ರೆ ಕೊಯ್ರಿ, ನಂದೇನೂ ಇಲ್ಲ.’

‘ಒಣಜಾಗದಲ್ಲಿ ಕಟ್ಟು. ಸಂಜೆಗೆ ಬರ್ತೀನಿ. ತಡ ಮಾಡಿದ್ರೆ ಎಮ್ಮೆ ಉಳಿಯಲ್ಲ ಭೂತಪ್ಪ.’

‘ನೀವು ಹೇಳಿದ ಮೇಲೆ ಆಯ್ತು ಬಿಡಿ.’

ಎಷ್ಟು ಸಲೀಸಾಗಿ ಬಂತು ಮಾತು. ಎಮ್ಮೆ ಉಳಿಯಲ್ಲ. ಇಷ್ಟನ್ನೇ ಬೆಳಿಗ್ಗೆಯಿಂದ ಹೇಳಲಾಗದೆ ಒದ್ದಾಡುತ್ತಿದ್ದೇನೆ. ಭೂತಪ್ಪನ ಎಮ್ಮೆಗೆ ಇರುವ ಅದೃಷ್ಟ ಗುರುಗಳಿಗೆ ಇಲ್ಲವಲ್ಲ ಎನ್ನಿಸಿ ಶ್ರೀಕರ ಕೈತೊಳೆಯುವ ನಲ್ಲಿಯ ಮುಂದೆ ನಿಂತು ಅತ್ತ. ಯಾರೋ ಬಂದರು. ಖಾರ ಹತ್ತಿತು ಎಂದ.

ಊಟವಾದ ಮೇಲೆ ಮಂತ್ರಾಕ್ಷತೆ. ಸಭಾಭವನದಲ್ಲಿ ಸಾಲು ಬಾಗಿಲಿನ ಆಚೆಗೂ ಬೆಳೆದಿತ್ತು. ಗುರುಗಳು ಪೀಠದಲ್ಲಿ ಕೂತು ಒಬ್ಬೊಬ್ಬರ ಶಾಲಿನ ತುದಿಗೂ ಸೆರಗಿಗೂ ಒಂದು ಹಿಡಿ ಅಕ್ಷತೆ ಹಾಕುತ್ತಿದ್ದರು. ಅಕ್ಷತೆ ತೆಗೆದುಕೊಂಡವನು ಮನೆಗೆ ಹೊರಡಲು ಅಪ್ಪಣೆ ಸಿಕ್ಕಿದಂತೆ. ಮತ್ತೆ ಏನನ್ನೂ ಕೇಳುವಂತಿಲ್ಲ, ಹೇಳುವಂತಿಲ್ಲ. ಅವರ ಕಾಲುಗಳು ಮಣೆಯ ಮೇಲಿದ್ದವು, ಮೇಲೆ ಕಾವಿಯ ಮಡಿಕೆ. ಶ್ರೀಕರ ಸಾಲಿನಲ್ಲಿ ಮುಂದೆ ಮುಂದೆ ಹೋಗುತ್ತಿದ್ದ, ಬೆನ್ನಿಗೆ ವರದಾ. ಹೇಳಬೇಕಾದ ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದ. ಗುರುಗಳು ಕ್ಷಮಿಸಬೇಕು ಎಂದು ಶುರುಮಾಡುವುದೋ? ತಮ್ಮ ಅಪ್ಪಣೆ ಮೀರುತ್ತಿದ್ದೇನೆ ಎಂದೋ? ಅಪ್ಪಣೆ ಮೀರಿದವನು ಶಿಷ್ಯನಲ್ಲ, ಮೀರದವನು ಕೊಲೆಗಾರ. ಮಠದ ಮಾಣಿಗಳೆಲ್ಲ ಬಾಯಿಪಾಠ ಹೇಳುವ ಗುರುಸ್ತುತಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹಿಂದಿನಿಂದ ವರದಾ, ‘ಕೂಸಿನ ನೆನಪು ಮಾಡ್ಕಳಿ’ ಎಂದು ಪಿಸುಗುಟ್ಟಿದಳು. ಅವನು ಮೇಧಾಳನ್ನು ನೆನೆದ. ಹುಟ್ಟಿದ ಕೂಡಲೇ ಅವಳ ಅಂಗಾಲನ್ನು ಅವನು ಅಂಗೈಯಲ್ಲಿ ಹಿಡಿದಿದ್ದ. ಮೆಣಸಿನ ಎಲೆಯಷ್ಟಿತ್ತು.

ಎದುರಿಗೆ ಬಂದು ಮಂಡಿಯೂರಿದ. ಗುರುಗಳು ಅಕ್ಷತೆ ಎತ್ತಿದರು. ಅವನು ಶಾಲು ಹಿಡಿಯಲಿಲ್ಲ. ಕೈಗಳು ತೊಡೆಯ ಮೇಲೆ ಬಿಗಿದಿದ್ದವು. ‘ಎನಗೆ ಇದು ಬ್ಯಾಡ’ ಎಂದ. ಜೋಡಿಸಿಟ್ಟಿದ್ದ ಗ್ರಾಂಥಿಕ ವಾಕ್ಯಗಳೆಲ್ಲ ಎಲ್ಲಿಗೋ ಹೋಗಿ, ಅವ್ವನ ಹತ್ತಿರ ಹಟ ಮಾಡುವ ಹುಡುಗನ ಮಾತು ಬಂತು. ‘ಕಾಲು ಕೊಳೀತಾ ಇದ್ದು. ಈಗಲೇ ಹೊಳೆ ದಾಟವು. ಹುಣ್ಣಿಮೆ ತಂಕ ನಿಂಗೊ ಉಳೀತ್ರಿಲ್ಲೆ.’

ಗುರುಗಳ ಕೈ ಅರ್ಧದಲ್ಲಿ ನಿಂತಿತು. ‘ನಿಮಗೆ ನಮ್ಮ ಮೇಲಿರುವ ಅಭಿಮಾನ ದೊಡ್ಡದು’ ಎಂದರು, ಎಂದಿನ ಸಭೆಯ ಕನ್ನಡದಲ್ಲಿ. ‘ವ್ರತ ಕಾಯುವವನು ವ್ರತಸ್ಥನನ್ನೂ ಕಾಯುತ್ತಾನೆ. ಮುಂದೆ ಹೋಗಿ.’ ಭುಜದ ಮೇಲೆ ಗಣೇಶಮೂರ್ತಿಯ ಕೈ ಬಿತ್ತು, ಈ ಸಲ ನಗುವಿರಲಿಲ್ಲ. ಸಾಲಿನಲ್ಲಿ ಗುಸುಗುಸು ಶುರುವಾಯಿತು. ಎಂತ ಆತು, ಮೈಮೇಲೆ ಬಂತಾ ಎಂದು ಯಾರೋ ಕೇಳಿದರು. ದನದ ಡಾಕ್ಟ್ರು ಎಂದು ಇನ್ನಾರೋ ಹೇಳಿದರು. ಭುಜದ ಮೇಲಿನ ಕೈ ಅವನನ್ನು ಎಬ್ಬಿಸತೊಡಗಿತು. ಎದ್ದರೆ ಮುಗಿಯಿತು, ಹೊರಗೆ ಕಾರಿದೆ, ಸಂಜೆಗೆ ಎಮ್ಮೆಯಿದೆ, ನಾಳೆ ಬೇರೆ ದಂಪತಿ ಇದೇ ಪಾದದ ಮೇಲೆ ಗಂಧ ಬಳಿಯುತ್ತಾರೆ.

ಶ್ರೀಕರ ಕಾವಿಯ ಮಡಿಕೆ ಸರಿಸಿ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿದ. ಹಸುವಿನ ಕಾಲು ಎತ್ತುವ ಹಾಗೆಯೇ, ಒಂದು ಕೈ ಹಿಮ್ಮಡಿಗೆ, ಇನ್ನೊಂದು ಗೆಣ್ಣಿಗೆ. ಅಂಗಾಲನ್ನು ಸಭೆಯ ಕಡೆ ತಿರುಗಿಸಿ, ತನ್ನದೆಂದು ತನಗೇ ಗುರುತು ಸಿಗದ ದನಿಯಲ್ಲಿ, ‘ನೋಡಿ, ಎಲ್ಲರೂ ನೋಡಿ’ ಎಂದು ಕೂಗಿದ.

ಆಮೇಲೆ ನಡುಸಾಲಿನಲ್ಲಿ ಒಬ್ಬ ಮುದುಕಿ ‘ಗುರುಪಾದ!’ ಎಂದು ಬಿಕ್ಕಿದಳು, ಬಿಕ್ಕಿದವಳೇ ಮುಗ್ಗರಿಸಿದಂತೆ ನೆಲಕ್ಕೆ ಬಿದ್ದಳು. ಅವಳ ಪಕ್ಕದವರು ಬಿದ್ದರು. ಅವರ ಹಿಂದಿನವರು ಬಿದ್ದರು. ಗಾಳಿಗೆ ಬತ್ತದ ಗದ್ದೆ ಬಾಗಿದ ಹಾಗೆ ಸಾಲಿಗೆ ಸಾಲೇ ಬಾಗುತ್ತ ಬಾಗಿಲಿನವರೆಗೆ ಹೋಯಿತು. ಗಂಡಸರು ಉದ್ದಂಡ, ಹೆಂಗಸರು ಮಂಡಿಯೂರಿ, ಎಲ್ಲರ ಹಣೆಯೂ ನೆಲಕ್ಕೆ, ಎಲ್ಲರ ಕಣ್ಣೂ ಮುಚ್ಚಿ. ಭುಜದ ಮೇಲಿನ ಹಿಡಿತ ಸಡಿಲವಾಯಿತು; ಗಣೇಶಮೂರ್ತಿಯೂ ಬಿದ್ದಿದ್ದ. ಶ್ರೀಕರ ವರದಾಳನ್ನು ಹುಡುಕಿದ. ಅವಳ ತುರುಬು ಮಾತ್ರ ಕಂಡಿತು, ಅದಕ್ಕೆ ಸಿಕ್ಕಿಸಿದ್ದ ಸೇವಂತಿಗೆ ಕಂಡಿತು. ಅಷ್ಟು ದೊಡ್ಡ ಸಭೆಯಲ್ಲಿ ಆ ಕಾಲನ್ನು ನೋಡುತ್ತಿರುವವರು ಒಬ್ಬರೂ ಇರಲಿಲ್ಲ. ಯಾರಿಗೆ ತೋರಿಸಲಿ ಎಂದು ಅವನಿಗೆ ಹುಚ್ಚು ಹಿಡಿದಂತಾಯಿತು.

ಕಣ್ಣು ತೆರೆದಿದ್ದವರು ಇನ್ನೊಬ್ಬರೇ. ಅವನು ಕಾಲನ್ನು ಮೆಲ್ಲಗೆ ಅವರ ಕಡೆಗೇ ತಿರುಗಿಸಿದ. ಹಾವುಗೆಯ ಮೇಲೆ ನಡೆಯುವ, ಸೊಂಟ ಬಗ್ಗದ ಆ ಮುದುಕರು ತಮ್ಮ ಅಂಗಾಲನ್ನು ಎಷ್ಟು ಕಾಲದಿಂದ ನೋಡಿರಲಿಲ್ಲವೋ. ಅವರು ನೋಡಿದರು. ಮೊದಲು ಅದು ಏನೆಂದು ತಿಳಿಯದವರಂತೆ, ಆಮೇಲೆ ಕುತ್ತಿಗೆ ಮುಂದೆ ಚಾಚಿ. ಕೈಯಲ್ಲಿದ್ದ ಅಕ್ಷತೆ ಬೆರಳಸಂದಿಯಿಂದ ಮಡಿಲಿಗೆ ಸೋರತೊಡಗಿತು. ಅವರ ತುಟಿ ಅಲುಗಿತು. ಸನ್ಯಾಸ ತೆಗೆದುಕೊಂಡ ದಿನವೇ ಬಿಟ್ಟುಬಂದ ಮನೆಮಾತು ಹೊರಗೆ ಬಂತು.

‘ಇದು ಎಂದಿಂದ ಹಿಂಗಿದ್ದೋ, ತಮಾ?’ ಎಂದರು. ಮತ್ತೆ ಇನ್ನೂ ಸಣ್ಣ ದನಿಯಲ್ಲಿ, ‘ಕಾಲು ಉಳಿತ್ತಾ?’

ಶ್ರೀಕರ ಇಲ್ಲವೆಂದು ತಲೆಯಾಡಿಸಿದ.

ನಮಸ್ಕಾರಕ್ಕೆ ಬಿದ್ದವರು ಏಳಬೇಕಾದರೆ ಗುರುಗಳು ನಾರಾಯಣ ಎನ್ನಬೇಕು. ಸಭೆಯೆಲ್ಲ ಹಣೆ ನೆಲಕ್ಕೆ ಹಚ್ಚಿ ಆ ಮಾತಿಗಾಗಿ ಕಾಯುತ್ತಿತ್ತು. ಗುರುಗಳು ತಮ್ಮ ಕಾಲನ್ನೇ ನೋಡುತ್ತಿದ್ದರು.